ಹಸಿರು ಚುಕ್ಕೆಯ ಬಾವಿ

ಊರ ನೆಲದಡಿಯ ನೀರಿಗೆ ಏನು ಮದ್ದು ಎಂದು ತೀರ್ಮಾನಿಸಲು ಶಾಲೆಯ ಅಂಗಳದಲ್ಲಿ ಸಭೆ ಸೇರಿತ್ತು. ಹುಮನಾಬಾದಿನ ಆಚೆಯ ಕಾರ್ಖಾನೆಯೊಂದು ವರ್ಷಗಟ್ಟಲೆ ಕೊಳೆನೀರನ್ನು ನೆಲಕ್ಕೆ ಕುಡಿಸಿ, ಬೀಗ ಜಡಿದು ಹೋಗಿತ್ತು. ಇಂಜಿನಿಯರ್ ಸುಮೇಧಾ ವಿಷದ ಬಾವಿಗೆ ಕೆಂಪು, ಶುದ್ಧ ಬಾವಿಗೆ ಹಸಿರು ಚುಕ್ಕೆಯಿಟ್ಟ ನಕ್ಷೆ ತೂಗುಹಾಕಿ ಮೂರು ದಾರಿ ಹೇಳಿದಳು. ನೀರನ್ನು ಮೇಲೆತ್ತಿ ಶುದ್ಧಮಾಡಿ ಮತ್ತೆ ಇಳಿಸುವುದು, ಅದಕ್ಕೆ ಹನ್ನೆರಡು ವರ್ಷ. ಬಾವಿ ಮುಚ್ಚಿ, ಮಣ್ಣೇ ವಿಷ ತಿಂದು ಮುಗಿಸಲಿ ಎಂದು ಕಾಯುವುದು, ಅದಕ್ಕೆ ಒಂದು ಜನ್ಮ. ಇಲ್ಲವೇ ನೀರು ಹರಿಯುವ ಹಾದಿಗೆ ಅಡ್ಡ ಕಂದಕ ತೋಡಿ ಕಬ್ಬಿಣದ ಪುಡಿ ತುಂಬುವುದು. ಹಾಯ್ದುಹೋಗುವ ನೀರು ಅಲ್ಲೇ ಶುದ್ಧವಾಗುತ್ತದೆ.

"ಕಂದಕನೇ ಛಲೋ. ಆದರ ಒಂದಕ್ಕೇ ಮಂಜೂರಿ ಅದರಿ. ಶಾಲಿ ಕಡಿ ಬಾವಿಗೋಳೆಲ್ಲ ಕೆಂಪು ಚುಕ್ಕಿ, ತಗ್ಗಿನ ಓಣಿ ಪೂರಾ ಹಸಿರು. ಶಾಲಿ ಕಡಿನೇ ತೋಡಬೇಕಾಗ್ತದ," ಎಂದಳು ಸುಮೇಧಾ.

ತಗ್ಗಿನ ಓಣಿಯ ಗಯಾಬಾಯಿ ನಕ್ಷೆಯ ಮೇಲಿನ ತನ್ನ ಬಾವಿಯ ಹಸಿರು ಚುಕ್ಕೆಯನ್ನೇ ನೋಡಿದಳು. ಪರೀಕ್ಷೆಗೆ ತಿಂಗಳಿಗೊಮ್ಮೆ ಬಾವಿ ನೀರು ತುಂಬಿಡಿ ಎಂದು ಸುಮೇಧಾ ಮನೆಮನೆಗೆ ಬಾಟಲಿ ಕೊಟ್ಟಿದ್ದಳು. ಆಗಲೇ ಮಗಳು ವರ್ಷಾಳಿಗೆ ಮೋರಖಂಡಿ ಊರಿನ ಸಂಬಂಧ ಕೂಡಿಬಂದಿತ್ತು. ವಿಷದ ಬಾವಿಯ ಮನೆ ಎಂಬ ಹೆಸರು ಬಿದ್ದರೆ ಹುಡುಗಿಯನ್ನು ಯಾರು ಮಾಡಿಕೊಂಡಾರು? ಗಯಾಬಾಯಿ ಬಾಟಲಿಗೆ ಅಂಗಡಿಯಿಂದ ತಂದ ಕ್ಯಾನಿನ ನೀರು ತುಂಬಿಟ್ಟಳು. ಮದುವೆಯ ವಯಸ್ಸಿಗೆ ಬಂದ ಮಕ್ಕಳು ಓಣಿಯ ಆರೂ ಮನೆಗಳಲ್ಲಿದ್ದರು, ಆರೂ ಮನೆಯವರು ಅದನ್ನೇ ಮಾಡಿದರು. ಏನು ಜಾಣತನ! ತಮ್ಮ ರೋಗವನ್ನು ವೈದ್ಯರಿಂದಲೇ ಮುಚ್ಚಿಟ್ಟ ಜನ.

ಈಗ ಆಕೆಗೆ ತಡೆಯಲಾಗಲಿಲ್ಲ. ಎದ್ದು ನಿಂತಳು.

"ಮೇಡಂ, ಆ ಬಾಟಲಿಗೋಳು ಸುಳ್ಳದಾವ್ರಿ. ನಮ್ಮ ಬಾವಿ ನೀರು ಕಾಸಿದ್ರ ಔಷಧಿ ವಾಸನಿ ಹೊಡಿತದ. ನಾ ಕ್ಯಾನಿನ ನೀರು ತುಂಬೀನಿ. ತಪ್ಪಾಗ್ಯದ."

ಓಣಿಯವರು ನೆಲ ನೋಡಿದರು. ಮುಂದಿನ ಸಾಲಿನಲ್ಲಿ ವರನ ಸೋದರಮಾವ ಮಹಾರುದ್ರಪ್ಪ ಕುಳಿತಿದ್ದ. ಮದುವೆಯ ದಿನ ಗೊತ್ತುಮಾಡಲು ಬಂದವನನ್ನು ಗಯಾಬಾಯಿಯ ಗಂಡ ಧನರಾಜನೇ ಸಭೆಗೆ ಕರೆತಂದಿದ್ದ. ಮಹಾರುದ್ರಪ್ಪ ಎದ್ದು ಮೆಲ್ಲಗೆ ಚಪ್ಪಲಿ ಮೆಟ್ಟಿದ.

"ಕೂಡ್ರಿ ಬೀಗರ! ಆಕಿ ತಲಿ ಕೆಟ್ಟದ," ಎಂದು ಧನರಾಜ ಎದ್ದ. "ಏ ವರ್ಷಾ, ನಮ್ಮ ಬಾವಿದು ಒಂದು ತಂಬಗಿ ನೀರು ತಗೊಂಬಾ."

ವರ್ಷಾ ತಂದಳು.

"ಎಲ್ಲಾರ ಮುಂದ ಕುಡಿ."

"ಬ್ಯಾಡ್ರಿ! ಇನ್ನೊಮ್ಮಿ ಪರೀಕ್ಷಾ ಮಾಡ್ತೀನಿ," ಎಂದು ಸುಮೇಧಾ ಮುಂದೆ ಬಂದಳು. ಗಯಾಬಾಯಿ ತಂಬಿಗೆಗೆ ಕೈಹಾಕಿದಳು. ಧನರಾಜ ಹೆಂಡತಿಯ ರಟ್ಟೆ ಹಿಡಿದು ಹಿಂದಕ್ಕೆ ಜಗ್ಗಿದ. ವರ್ಷಾ ಬೀಗರ ಕಡೆಗೊಮ್ಮೆ ನೋಡಿ, ತಂಬಿಗೆ ಎತ್ತಿ ಗಟಗಟ ಕುಡಿದು ಮುಗಿಸಿದಳು.

ಮಹಾರುದ್ರಪ್ಪ ಮತ್ತೆ ಕುಳಿತ. ಕಂದಕ ಶಾಲೆಯ ಕಡೆಗೇ ಎಂದು ಕೈಗಳೆದ್ದವು, ತಗ್ಗಿನ ಓಣಿಯವರದೇ ಮೊದಲು. ಸುಮೇಧಾಳ ಮಾತು ಕೇಳುವವರಿರಲಿಲ್ಲ. ಗಯಾಬಾಯಿ ಮಗಳ ಬಾಯಿಯನ್ನು ಸೆರಗಿನಿಂದ ಒರೆಸುತ್ತಾ ಅಳತೊಡಗಿದಳು.

ವರ್ಷಾ ಆ ಕೈಯನ್ನು ಸರಿಸಿದಳು.

"ಅಳಬ್ಯಾಡವ್ವ. ನಾ ಹ್ಯಾಂಗೂ ಮೋರಖಂಡಿಗಿ ಹೋಗಾಕಿ. ಇಲ್ಲಿದ್ದು ಇದನ್ನ ಕುಡಿಯಾಕಿ ನೀ."