ಇಂಗ್ಲಿಷ್ ಪದಗಳ ಮನೆತನ

ನನ್ನ ಅತ್ತೆ ಪುಟ್ಟತಾಯಮ್ಮನವರಿಗೆ ಓದು ಬರಹ ಬಾರದು. ಆದರೆ ಚೇಳೂರು ಹೋಬಳಿಯಲ್ಲಿ ಯಾರ ಮಗಳನ್ನು ಯಾರ ಮನೆಗೆ ಕೊಟ್ಟಿದ್ದಾರೆ, ಯಾವ ಮನೆಗೆ ಯಾವ ಮನೆಯ ಸಂಬಂಧ ಕೂಡಿಬರುವುದಿಲ್ಲ ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲೇ ಇತ್ತು. ಹೊಸಬರು ಯಾರೇ ಎದುರಾದರೂ ಅತ್ತೆಯ ಮೊದಲ ಪ್ರಶ್ನೆ ಒಂದೇ: "ಯಾವ ಮನೆಯೋರು?" ಕುಣಿಗಲ್‌ನಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಈ ಪ್ರಶ್ನೆ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತಿತ್ತು. ಬಂದವರಿಗೆ ಮೊದಲು ನೀರು ಕೊಡಬಾರದೇ ಎಂದು ಒಳಗೊಳಗೇ ಗೊಣಗುತ್ತಿದ್ದೆ.

ಆಚಾರದಲ್ಲೂ ಅಷ್ಟೇ ಬಿಗಿ. ಪಕ್ಕದ ಬೀದಿಯ ಸೊಸೆಯೊಬ್ಬಳು ಸೂತಕದಲ್ಲಿ ಗುಬ್ಬಿಗೆ ನಾಮಕರಣಕ್ಕೆ ಹೋಗಿ ಬಂದಳೆಂದು ವರ್ಷವಿಡೀ ಅವಳ ಜನ್ಮ ಜಾಲಾಡಿದ್ದರು.

೧೯೯೭ರಲ್ಲಿ ನಾನು ಊರಿನ ಅಂಗನವಾಡಿಯಲ್ಲಿ ಸಹಾಯಕಿ. ಟೀಚರ್ ಕೆಲಸ ಖಾಲಿಯಾಗುವುದರಲ್ಲಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಅದು ನನಗೇ ಎಂದು ಮೇಲಿನವರು ಹೇಳಿದ್ದರು. ನಾನೋ ಇಂಗ್ಲಿಷ್ ಒಂದರಲ್ಲಿ ಡುಮ್ಕಿ ಹೊಡೆದವಳು. ಅಕ್ಟೋಬರ್ ಪರೀಕ್ಷೆಯೂ ಕೈಕೊಟ್ಟರೆ ಬೇರೆ ಯಾರೋ ಬಂದು ಕುರ್ಚಿಯಲ್ಲಿ ಕೂರುತ್ತಾರೆ, ನಾನು ಕೊನೆಯವರೆಗೂ ಅವರ ಕೈಕೆಳಗೆ ಉಪ್ಪಿಟ್ಟು ತಿರುವುತ್ತಿರಬೇಕು. ಅದನ್ನು ನೆನೆದರೇ ಅಳು ಬರುತ್ತಿತ್ತು.

ತುಮಕೂರಿನ ಉಪ್ಪಾರಹಳ್ಳಿಯಲ್ಲಿದ್ದ ನನ್ನ ಅಣ್ಣ ಒಂದು ಹಳೇ ಗೈಡ್ ತಂದುಕೊಟ್ಟ. ಅದರಲ್ಲಿ ಒಂದೇ ಮೂಲವನ್ನು ಹೊಟ್ಟೆಯಲ್ಲಿಟ್ಟುಕೊಂಡ ಪದಗಳನ್ನೆಲ್ಲ ಒಟ್ಟಿಗೆ ಹಾಕಿ, ಪಕ್ಕದಲ್ಲಿ ಅರ್ಥ ಕೊಟ್ಟಿದ್ದರು. ಸಂಜೆ ಅತ್ತೆ ಜಗಲಿಯಲ್ಲಿ ರಾಗಿ ಕೇರುತ್ತಿದ್ದರೆ, ನಾನು ಕಂಬಕ್ಕೊರಗಿ ಉರುಹೊಡೆಯುತ್ತಿದ್ದೆ. ಒಂದು ದಿನ ಅವರು ಮೊರ ನಿಲ್ಲಿಸಿದರು.

"ಆಗ್ಲಿಂದ ಪೋರ್ಟು ಪೋರ್ಟು ಅಂತಿದೀಯಲ್ಲ, ಯಾವ ಮನೆಯೋವೇ ಅವು?"

ನನಗೆ ನಗು ತಡೆಯಲಾಗಲಿಲ್ಲ. "ಹೊರೋರ ಮನೆಯೋವು, ಅತ್ತೆ. ಪೋರ್ಟರ್ ಅಂದ್ರೆ ಹೊರೋನು. ಇಂಪೋರ್ಟ್ ಅಂದ್ರೆ ಹೊರಗ್ಲಿಂದ ಒಳಕ್ಕೆ ತರೋದು. ಎಕ್ಸ್‌ಪೋರ್ಟ್ ಅಂದ್ರೆ ಒಳಗಿರೋದ್ನ ಹೊರಕ್ಕೆ ಕಳ್ಸೋದು."

"ಹಂಗನ್ನು. ಸೊಸೆ ತರೋದು, ಮಗಳು ಕಳ್ಸೋದು." ಮತ್ತೆ ಮೊರ ಕೈಗೆತ್ತಿಕೊಂಡರು. "ಮುಂದಿನ ಮನೆ ಯಾವ್ದು?"

ಮುಂದಿನದು ಸ್ಪೆಕ್ಟ್, ನೋಡುವವರ ಮನೆ. ಇನ್‌ಸ್ಪೆಕ್ಟರ್ ಅಂದರೆ ಒಳಹೊಕ್ಕು ನೋಡುವವನು. ಸಸ್ಪೆಕ್ಟ್ ಅಂದರೆ ಅನುಮಾನದಿಂದ ನೋಡುವುದು. "ನಮ್ ಗಂಗಲಕ್ಷ್ಮಿ ನೋಡೋ ಹಂಗೆ," ಎಂದರು ಅತ್ತೆ. ಗಂಗಲಕ್ಷ್ಮಮ್ಮ ಅವರ ನಾದಿನಿ, ನನ್ನ ಗಂಡ ಕನಕರಾಜುವಿನ ಸೋದರತ್ತೆ. ರೆಸ್ಪೆಕ್ಟ್ ಅಂದರೆ ಗೌರವ, ಮೂಲದಲ್ಲಿ ತಿರುಗಿ ನೋಡುವುದು ಎಂದಿತ್ತು. ಅದಕ್ಕೆ ಅತ್ತೆ, "ಸರಿಯಾಗೇ ಬರ್ದವ್ರೆ ಬುಡು," ಎಂದರು.

ಅಂದಿನಿಂದ ಪದಗಳು ನನಗೆ ನೆಂಟರಾದವು. ಅತ್ತೆ ಸೌದೆ ಮುರಿಯುತ್ತಾ, ಹಸುವಿಗೆ ಹುಲ್ಲು ಹಾಕುತ್ತಾ ಒಂದೊಂದು ಮನೆಯ ಹೆಸರು ಹಿಡಿದು ಕೇಳುವರು. ಯಾರ್ಯಾರು ಇದ್ದಾರೆ, ಅವರವರ ಕಸುಬೇನು ಎಂದು ನಾನು ಒಪ್ಪಿಸಬೇಕು. ಒಬ್ಬರನ್ನು ಬಿಟ್ಟರೂ, ಮದುವೆಗೆ ಕರೆಯಲು ಮರೆತವಳಂತೆ ಬೈಸಿಕೊಳ್ಳಬೇಕು.

ಇಂಗ್ಲಿಷ್ ಪರೀಕ್ಷೆಯ ದಿನ ಬೆಳಗ್ಗೆ, ಪಕ್ಕದ ಮನೆಯಲ್ಲಿದ್ದ ನನ್ನ ಮಾವನ ಅಣ್ಣ ಚಿಕ್ಕಮಾರಯ್ಯನವರು ತೀರಿಕೊಂಡರು. ತುಂಬು ಜೀವನ ಕಂಡ ಒಳ್ಳೆಯ ಮನುಷ್ಯ. ಅಂಗಳದಲ್ಲಿ ಜನ ಸೇರಿದರು, ಕನಕರಾಜು ಚಟ್ಟದ ಬಿದಿರು ತರಲು ಹೋದರು. ನಾನು ಹಾಲ್ ಟಿಕೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ. ಅತ್ತೆಯನ್ನು ಕೇಳುವ ಧೈರ್ಯವೂ ಬರಲಿಲ್ಲ. ಉತ್ತರ ನನಗೆ ಗೊತ್ತಿತ್ತು.

ಅತ್ತೆ ಅತ್ತು ಕೆಂಪಾದ ಕಣ್ಣಲ್ಲಿ ಒಳಗೆ ಬಂದರು. "ಎಂಟರ ಬಸ್ಸು ಬರೋ ಹೊತ್ತಾಯ್ತು. ಇನ್ನೂ ಇಲ್ಲೇ ಇದೀಯಾ?"

ಬಾಗಿಲಲ್ಲಿ ಗಂಗಲಕ್ಷ್ಮಮ್ಮ ಅಡ್ಡ ನಿಂತರು. "ಏನತ್ತಿಗೆ ಇದು? ಹೆಣ ಎತ್ತೋಗಂಟ ಮನೆ ಸೊಸೆ ಹೊಸಿಲು ದಾಟೋದುಂಟಾ? ಊರಿಗೆಲ್ಲಾ ಬುದ್ಧಿ ಹೇಳೋ ನೀವೇ ಹಿಂಗಂದ್ರೆ?"

ಅಂಗಳವೆಲ್ಲ ಇತ್ತ ತಿರುಗಿತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಸೊಸೆ ದಾಟಬಾರ್ದು, ನಿಜ. ಇವತ್ತೊಂದಿನ ಇವ್ಳು ನಮ್ಮನೆ ಸೊಸೆ ಅಲ್ಲ. ಕುಣಿಗಲ್ನೋರ ಮಗಳು. ನಮ್ ಸೂತಕ ಅವ್ಳಿಗಿಲ್ಲ. ತಪ್ಪು ಅನ್ನೋದಾದ್ರೆ ನನ್ ತಲೆ ಮೇಲಿರ್ಲಿ."

ಮನೆತನವೇ ಪ್ರಾಣ ಎಂದುಕೊಂಡಿದ್ದ ಹೆಂಗಸು, ಊರವರ ಮುಂದೆ ನನ್ನನ್ನು ಮನೆಯಿಂದಲೇ ಬಿಡಿಸಿ ಕಳಿಸಿದರು. ನಾನು ತೀರಿಕೊಂಡ ಹಿರಿಯರ ಕಾಲಿಗೆ ದೂರದಿಂದಲೇ ಕೈಮುಗಿದು ಓಡಿದೆ. ಬಸ್ಸು ಹತ್ತುವ ಮುನ್ನ ತಿರುಗಿ ನೋಡಿದೆ. ಬೀದಿಯ ಕೊನೆಯಲ್ಲಿ ಅತ್ತೆ ಇನ್ನೂ ನಿಂತಿದ್ದರು, ಹೋಗು ಹೋಗು ಎಂದು ಕೈಯಾಡಿಸುತ್ತಿದ್ದರು.

ಗುಬ್ಬಿಯಲ್ಲಿ ಪ್ರಶ್ನೆಪತ್ರಿಕೆ ನೋಡಿದಾಗ ಮೊದಲು ಒಂದು ಪದದ ಗುರುತೂ ಹತ್ತಲಿಲ್ಲ. ಆಮೇಲೆ ಒಂದೊಂದು ಪದವನ್ನೂ ಅತ್ತೆಯ ಧಾಟಿಯಲ್ಲೇ ಕೇಳಿದೆ, ಯಾವ ಮನೆಯವು ನೀವು ಎಂದು. ಎಲ್ಲವೂ ಹೇಳಲಿಲ್ಲ. ಪಾಸಾಗುವಷ್ಟು ಹೇಳಿದವು. ಆ ಡಿಸೆಂಬರಿನಿಂದ ಅಂಗನವಾಡಿಯ ಕುರ್ಚಿ ನನ್ನದು. ಇವತ್ತಿಗೂ ಅದರಲ್ಲಿ ಕೂರುವ ಮುನ್ನ ನಾನು ನೆನೆಯುವುದು ಅತ್ತೆಯನ್ನೇ.

ಪರೀಕ್ಷೆ ಮುಗಿಸಿ ಆ ಸಂಜೆ ಊರಿಗೆ ಮರಳಿದಾಗ ಮಣ್ಣು ಮುಗಿದಿತ್ತು. ಒಳಗೆ ಹೋಗಬಹುದೋ ಬಾರದೋ ತಿಳಿಯದೆ ಅಂಗಳದಲ್ಲೇ ನಿಂತೆ. ಇಡೀ ದಿನ ಏನೂ ತಿನ್ನದ ಅತ್ತೆ, ಒದ್ದೆ ಕೂದಲಲ್ಲಿ, ತಂಬಿಗೆ ನೀರು ಹಿಡಿದು ಬಂದರು. ನನ್ನ ಕಾಲ ಮೇಲೆ ನೀರು ಸುರಿದು, ಗಂಗಲಕ್ಷ್ಮಮ್ಮನಿಗೆ ಕೇಳಿಸದಂತೆ ಮೆಲ್ಲಗೆ ಹೇಳಿದರು:

"ಬಾರಮ್ಮಿ. ಇಂಪೋರ್ಟ್ ಆಗು."

ನಾನು ಅಲ್ಲೇ, ಹೊಸಿಲ ಮುಂದೆ, ಅವರ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ.