ನಾವು ಕೊಳ್ಳ ಇಳಿದದ್ದು

ಸಿಂಗಪುರಕ್ಕೆ ಬಂದು ಇಪ್ಪತ್ತು ವರ್ಷವಾಯಿತು. ನಮ್ಮ ಕನ್ನಡದವರ ಗುಂಪು ಎಲ್ಲಿಗೆ ಟ್ರಿಪ್ ಹೋದರೂ ನಾನೂ ಹೋಗಿದ್ದೇನೆ, ಆದರೆ ಎಲ್ಲಿಯೂ ಏನನ್ನೂ ನೋಡಿಲ್ಲ. ಬೆಟ್ಟ ಬಂದರೆ ಅವರು ಹತ್ತುತ್ತಾರೆ, ನಾನು ಕೆಳಗೆ ಕೂತು ಬ್ಯಾಗು ಕಾಯುತ್ತೇನೆ. ಜಲಪಾತ ಬಂದರೆ ಅವರು ಇಳಿಯುತ್ತಾರೆ, ನಾನು ಮೇಲೆ ಕೂತು ಚಪ್ಪಲಿ ಕಾಯುತ್ತೇನೆ. ಸುರೇಖಾಗೆ ಮಂಡಿನೋವು ಅಂತ ಯಾವಾಗಲೋ ಯಾರೋ ಅಂದರು, ಅದು ನನ್ನ ಹೆಸರಿಗೆ ಅಂಟಿಕೊಂಡಿತು. ಮಂಡಿ ವಾಸಿಯಾಗಿ ಎಷ್ಟೋ ಕಾಲವಾದರೂ ಬ್ಯಾಗು ಮಾತ್ರ ನನ್ನ ಮಡಿಲಿಗೇ ಬರುತ್ತಿತ್ತು. ಕೊಡುವವರದು ತಪ್ಪಿಲ್ಲ ಬಿಡಿ, ಕೈ ಚಾಚುತ್ತಿದ್ದವಳು ನಾನೇ.

ಈ ಸಲ ಚಾಚಲಿಲ್ಲ. ಅಮೆರಿಕದ ಅರಿಝೋನಾದಲ್ಲಿ ಮರುಭೂಮಿಯ ನಡುವೆ ಭೂಮಿ ಸೀಳಿಕೊಂಡು ದೊಡ್ಡ ದೊಡ್ಡ ಕೊಳ್ಳಗಳಿವೆ. ಅಂಥದ್ದೊಂದಕ್ಕೆ ಬೆನ್ನ ಮೇಲೆ ಡೇರೆ, ಊಟ, ನೀರು ಹೊತ್ತು ಇಳಿದು, ತಳದಲ್ಲಿ ಹರಿಯುವ ನದಿಯ ದಂಡೆಯ ಮೇಲೆ ಮಲಗಿ ಬರೋಣ ಅಂತ ಪದ್ಮನಾಭ ಅವರು ಹಾಕರ್ ಸೆಂಟರಿನ ತಿಂಡಿಯಂಗಡಿಯಲ್ಲಿ ಟೀ ಕುಡಿಯುತ್ತ ಹೇಳಿದರು. ಬರುತ್ತೇನೆ ಅಂತ ಎಲ್ಲರಿಗಿಂತ ಮೊದಲು ಅಂದವಳು ನಾನೇ. ಎಲ್ಲರ ಕಣ್ಣೂ ನನ್ನ ಮಂಡಿಯ ಕಡೆ ಹೋಯಿತು.

ಪದ್ಮನಾಭ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವವರು, ನಮ್ಮ ಟ್ರಿಪ್‌ಗಳ ಯಜಮಾನಿಕೆ ಅವರದೇ. ಮೈಸೂರಿನವರು, ಬಲು ಸಭ್ಯರು. ಯಾರ ಮುಖದ ಮೇಲೂ ಬೇಡ ಅನ್ನುವುದಿಲ್ಲ. ಬೇಡ ಅನ್ನಬೇಕಾದರೆ ಒಂದು ರೂಲ್ ಮಾಡುತ್ತಾರೆ. ಮರುದಿನವೇ ಗುಂಪಿನ ವಾಟ್ಸ್ಯಾಪಿಗೆ ರೂಲ್ ಬಂತು: ಇಳಿಯುವ ದಿನ ಊಟದ ಹೊತ್ತಿಗೆ ಅರ್ಧದಾರಿಯ ನೀರಿನ ಚಿಲುಮೆ ಮುಟ್ಟದವರು ನಮ್ಮ ಇಬ್ಬರು ಗೈಡ್‌ಗಳಲ್ಲಿ ಎರಡನೆಯವರ ಜೊತೆ ವಾಪಸ್ಸು ಮೇಲೆ ಹತ್ತಬೇಕು, ಯಾರಿಗೂ ವಿನಾಯಿತಿ ಇಲ್ಲ. ಟ್ರಿಪ್ಪಿಗೆ ಬಾರದ ನನ್ನ ಗಂಡ ಅದನ್ನು ಓದಿ ಹೊಟ್ಟೆ ಹಿಡಿದು ನಕ್ಕರು.

"ನಿನ್ನ ಹೆಸರೊಂದ ಬರೆದಿಲ್ಲ ನೋಡು," ಅಂದರು.

ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಆ ನದಿಯ ನೀರು ಮುಟ್ಟದೆ ಮೇಲೆ ಬಂದರೆ ಇನ್ನೆಂದೂ ಯಾವ ಟ್ರಿಪ್ಪಿಗೂ ಹೋಗುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ.

ಸಿಂಗಪುರದಲ್ಲಿ ಬೆಟ್ಟಕ್ಕೆ ಬರ, ಕಟ್ಟಡಕ್ಕೆ ಬರವಿಲ್ಲ. ಸೆಂಬವಾಂಗಿನ ನಮ್ಮ ಬ್ಲಾಕ್ ಎತ್ತರದ್ದು ಅಂತ ಪ್ರ್ಯಾಕ್ಟೀಸಿಗೆ ಅದನ್ನೇ ಆರಿಸಿದರು. ವಾರಕ್ಕೆರಡು ಬೆಳಿಗ್ಗೆ ಕಟ್ಟಡದ ಕೆಳಗಿನ ಖಾಲಿ ಜಾಗವಾದ ವಾಯ್ಡ್ ಡೆಕ್ಕಿನಲ್ಲಿ ಸೇರುವುದು, ಬ್ಯಾಕ್‌ಪ್ಯಾಕಿನೊಳಗೆ ಸೋನಾಮಸೂರಿ ಅಕ್ಕಿಯ ಚೀಲ ತುಂಬಿಕೊಂಡು ಮೆಟ್ಟಿಲು ಹತ್ತುವುದು, ತುದಿ ಮುಟ್ಟಿದ ಮೇಲೆ ಲಿಫ್ಟಿನಲ್ಲಿ ಇಳಿದು ಮತ್ತೆ ಹತ್ತುವುದು. ಹತ್ತುವುದೇ ವ್ಯಾಯಾಮ, ಇಳಿಯುವುದು ಟೈಮ್ ವೇಸ್ಟ್ ಅಂತ ಪದ್ಮನಾಭರ ಲೆಕ್ಕ. ಯಾರೂ ಎದುರಾಡಲಿಲ್ಲ. ಈ ಊರಲ್ಲಿ ಲಿಫ್ಟ್ ಇರುವಾಗ ಮೆಟ್ಟಿಲಲ್ಲಿ ಇಳಿಯುವವರು ಯಾರಿದ್ದಾರೆ? ನಾನೂ ತಲೆಯಾಡಿಸಿದೆ.

ಆದರೆ ನಾನು ಅವರ ಸಮಕ್ಕೆ ಹತ್ತುತ್ತಿರಲಿಲ್ಲ. ಅವರು ಎರಡನೇ ಸುತ್ತಿನಲ್ಲಿ ನನ್ನನ್ನು ದಾಟಿ ಹೋಗುವಾಗ ನಾನಿನ್ನೂ ನಡುವೆ ಎಲ್ಲೋ ಮೆಟ್ಟಿಲಿನ ಕಂಬಿ ಹಿಡಿದು ನಿಂತಿರುತ್ತಿದ್ದೆ. ತುದಿಯಲ್ಲಿ ಎಲ್ಲರೂ ಒಂದೇ ಲಿಫ್ಟಿಗೆ ತುಂಬಿಕೊಳ್ಳುವಾಗ ನನ್ನ ಏದುಸಿರೊಂದೇ ಕೇಳುತ್ತಿತ್ತು. ಪದ್ಮನಾಭರ ಹೆಂಡತಿ ಜಲಜಾ ನನಗೆ ಟಿಶ್ಯೂ ಕೊಡುತ್ತಿದ್ದರು. ಜುರಾಂಗ್ ಕಡೆ ಇಂಜಿನಿಯರ್ ಆಗಿರುವ ಚೇತನಕುಮಾರ, ಗುಂಪಿಗೆಲ್ಲ ಚಿಕ್ಕವನು, "ಸೂಪರ್ ಆಂಟಿ" ಅನ್ನುತ್ತಿದ್ದ. ನಿಜವಾಗಿ ಸೂಪರ್ ಆಗಿ ಹತ್ತಿದವರಿಗೆ ಯಾರೂ ಹಾಗೆ ಅನ್ನುವುದಿಲ್ಲ. ಮೂರನೇ ವಾರ ಆ ಲಿಫ್ಟಿನೊಳಗೆ ನಿಲ್ಲುವುದು ನನ್ನಿಂದಾಗಲಿಲ್ಲ. ನೀವು ನಡೀರಿ, ನಾನು ಆಮೇಲೆ ಬರ್ತೀನಿ ಅಂತ ಕಳಿಸಿ, ಅಕ್ಕಿ ಹೊತ್ತುಕೊಂಡೇ ಮೆಟ್ಟಿಲಿಳಿದು ಬಂದೆ. ಆಮೇಲೆ ಅದೇ ರೂಢಿಯಾಯಿತು.

ಮೊದಮೊದಲು ಇಳಿದ ಮೇಲೆ ತೊಡೆ ಗಡಗಡ ನಡುಗುತ್ತಿತ್ತು, ಮರುದಿನ ಕುಕ್ಕರುಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಬರಬರುತ್ತ ಕಾಲು ತಾನೇ ಕಲಿತುಕೊಂಡಿತು. ಪಾದ ತುಸು ಓರೆ ಮಾಡಬೇಕು, ಮಂಡಿ ಬಿಗಿಹಿಡಿಯಬಾರದು, ಧೊಪ್ಪೆಂದು ಇಡಬಾರದು. ಏಳನೇ ಮಹಡಿಯ ಚೀನೀ ಆಂಟಿ ಗಿಡಕ್ಕೆ ನೀರು ಹಾಕುತ್ತ ನನ್ನನ್ನು ಕಂಡಾಗಲೆಲ್ಲ ಲಿಫ್ಟ್ ಕೆಟ್ಟಿದೆಯಾ ಅಂತ ಕೇಳುತ್ತಿದ್ದಳು. ಲಿಫ್ಟ್ ಅಲ್ಲ, ತಲೆ ಕೆಟ್ಟಿದೆ ಅಂದರೆ ಖುಷಿಯಾಗಿ ನಗುತ್ತಿದ್ದಳು.

ಕೊಳ್ಳದ ಅಂಚಿನಲ್ಲಿ ಮೊದಲು ನಿಂತಾಗ ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಕೆಂಪು ಬಂಡೆ ಪದರ ಪದರವಾಗಿ ಕೆಳಗಿಳಿದು, ಅದರ ಕೆಳಗೆ ಇನ್ನೊಂದು ಕಪ್ಪು ಕೊಳ್ಳ, ನದಿಯಂತೂ ಕಣ್ಣಿಗೇ ಬೀಳುವುದಿಲ್ಲ. ಗಾಳಿ ಎಷ್ಟು ಒಣ ಅಂದರೆ ತುಟಿ ಆಗಲೇ ಬಿರಿಯುತ್ತಿತ್ತು. ನಮ್ಮ ಗೈಡ್ ಗಟ್ಟಿಮುಟ್ಟಾದ ಅಮೆರಿಕನ್ ಹೆಂಗಸು. ನೀರು ಕುಡಿಯುತ್ತಿರಿ, ಯಾರ ಜೊತೆಗೂ ಪಂದ್ಯ ಕಟ್ಟಬೇಡಿ ಅಂದಳು. ಅವಳ ಮಾತು ಮುಗಿಯುವ ಮೊದಲೇ ಪದ್ಮನಾಭ ಮತ್ತು ಚೇತನ ದಡದಡ ಇಳಿದು ಮೊದಲ ತಿರುವು ದಾಟಿದ್ದರು. ನಾನು ಎಂದಿನಂತೆ ಎಲ್ಲರಿಗಿಂತ ಹಿಂದೆ, ನನ್ನ ಹಿಂದೆ ಎರಡನೇ ಗೈಡ್ ಮಾತ್ರ.

ಬಿಸಿಲು ಏರುವ ಹೊತ್ತಿಗೆ ಒಂದು ಬಂಡೆಯ ಮೇಲೆ ಚೇತನ ಶೂ ಬಿಚ್ಚಿ ಕೂತಿದ್ದ. ತೊಡೆ ನಡುಗುತ್ತಿದೆ, ಯಾಕೋ ಗೊತ್ತಾಗುತ್ತಿಲ್ಲ ಆಂಟಿ ಅಂದ. ಮುಂದಿನ ತಿರುವಿನಲ್ಲಿ ಜಲಜಾ ಬೆನ್ನು ಮುಂದೆ ಮಾಡಿ ಹಿಮ್ಮುಖವಾಗಿ ಇಳಿಯುತ್ತಿದ್ದರು. ಅದರ ಮುಂದೆ ಪದ್ಮನಾಭ, ಎರಡು ಕೋಲಿನ ಮೇಲೆ ಜೋತುಬಿದ್ದು, ಪ್ರತಿ ಹೆಜ್ಜೆಗೂ ಹಲ್ಲು ಕಚ್ಚುತ್ತಿದ್ದರು. ಆಗ ನನಗೆ ಹೊಳೆಯಿತು. ತಿಂಗಳುಗಟ್ಟಲೆ ಹತ್ತಿ ಹತ್ತಿ ಹುರಿಯಾದ ಈ ಕಾಲುಗಳು ಇಳಿದದ್ದೆಲ್ಲ ಲಿಫ್ಟಿನಲ್ಲಿ! ಇದು ಬೆಟ್ಟವಲ್ಲ, ಕೊಳ್ಳ; ಇಲ್ಲಿ ಮೊದಲು ಇಳಿಯಬೇಕು ಅನ್ನುವುದು ಇಷ್ಟು ಓದಿದ ನಮಗೆ ಯಾರಿಗೂ ತೋಚಿರಲಿಲ್ಲ. ನನಗೂ ತೋಚಿರಲಿಲ್ಲ, ನಾಚಿಕೆಯಿಂದ ಇಳಿದವಳು ನಾನು.

ಪದ್ಮನಾಭರನ್ನು ದಾಟುವಾಗ ಕೈ ಬೇಕಾ ಅಂತ ಕೇಳಿದೆ. ನೀವು ಹೋಗಿ, ನಾನು ಆಮೇಲೆ ಬರ್ತೀನಿ ಅಂದರು. ಹೋದೆ. ನನ್ನ ಕಾಲು ತನ್ನ ಪಾಡಿಗೆ ಓರೆಯಾಗಿ, ಹಗುರಾಗಿ ಬೀಳುತ್ತಿತ್ತು. ಬೆನ್ನ ಮೇಲೆ ಹೊರೆ ಇದೆ ಅನ್ನುವುದೂ ಮರೆತುಹೋಯಿತು.

ಚಿಲುಮೆಯ ಹತ್ತಿರ ಎತ್ತರದ ಮರಗಳ ನೆರಳಿತ್ತು. ಮುಂದೆ ನಡೆದಿದ್ದ ಗೈಡನ್ನು ಬಿಟ್ಟರೆ ಅಲ್ಲಿ ಮುಟ್ಟಿದ ಮೊದಲನೆಯವಳು ನಾನು. ಒಣಗಿಸಿದ ಜೋಳದ ಖಟಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಂಡು ನಿಧಾನವಾಗಿ ಊಟ ಮಾಡಿದೆ. ಉಳಿದವರು ಒಬ್ಬೊಬ್ಬರೇ ಕುಂಟುತ್ತ ಬಂದು ನೆರಳಿಗೆ ಬಿದ್ದರು. ಪದ್ಮನಾಭ ಬಂದಾಗ ಎಲ್ಲರ ಊಟ ಮುಗಿದು ಕೈ ತೊಳೆದಾಗಿತ್ತು.

ಅವರು ನೆರಳಿಗೆ ಬರಲಿಲ್ಲ. ಬಿಸಿಲಿನಲ್ಲೇ ನಿಂತು, ರೂಲ್ ಅಂದರೆ ರೂಲ್, ಬಿಸಿಲಿಳಿದ ಮೇಲೆ ನಾನು ವಾಪಸ್ ಹತ್ತುತ್ತೇನೆ ಅಂತ ಎರಡನೇ ಗೈಡ್‌ಗೆ ಹೇಳಿದರು. ಗಂಡನ ಮುಖ ನೋಡಲಾರದೆ ಜಲಜಾ ತಲೆ ತಗ್ಗಿಸಿದರು. ಮೊದಲ ಗೈಡ್ ಅವರ ಮಂಡಿ ಒತ್ತಿ ನೋಡಿ, ಇದು ಪೆಟ್ಟಲ್ಲ, ದಣಿವು ಅಷ್ಟೇ, ಮುಂದಿನ ದಾರಿಗೆ ನೆರಳಿದೆ, ನಾಳೆ ನದಿಯ ಹತ್ತಿರ ವಿಶ್ರಾಂತಿಯೇ, ನಿಧಾನವಾಗಿ ಇಳಿಯಬಹುದು ಅಂದಳು. ಆದರೂ ಅವರು ಕದಲಲಿಲ್ಲ. ಆಗ ಎಲ್ಲರೂ ನನ್ನ ಕಡೆ ನೋಡಿದರು.

ನನ್ನ ಹೊಟ್ಟೆ ತಣ್ಣಗಾಯಿತು. ಅಷ್ಟು ಹೊತ್ತು ಆ ಸುಖ ಅನುಭವಿಸಿದೆ, ಅದಕ್ಕೆ ನನಗೇನೂ ಪಶ್ಚಾತ್ತಾಪವಿಲ್ಲ. ಆಮೇಲೆ ಎದ್ದು ಅವರ ಹತ್ತಿರ ಹೋದೆ.

"ಪದ್ಮನಾಭ್ ಅವರೇ, ಆ ರೂಲ್ ಯಾರಿಗೋಸ್ಕರ ಮಾಡಿದ್ದು?"

ಅವರು ನೆಲ ನೋಡಿದರು, ಕೋಲು ನೋಡಿದರು, ಕೊನೆಗೆ ನನ್ನ ಮುಖ ನೋಡಿದರು.

"ನಿಮಗೋಸ್ಕರ," ಅಂದರು.

"ನಾನು ಬಂದಾಯ್ತಲ್ಲ. ಇನ್ನು ಅದರ ಕೆಲಸ ಮುಗೀತು. ಊಟ ಮಾಡಿ, ಹೊರಡೋಣ."

ಅವರು ನನ್ನ ರೊಟ್ಟಿ ತಿಂದರು, ಒಂದಲ್ಲ ಮೂರು. ಅಲ್ಲಿಂದ ಮುಂದೆ ನಾನು ಮೊದಲು, ನನ್ನ ಹಿಂದೆ ಪದ್ಮನಾಭ, ಅವರ ಹಿಂದೆ ಸಾಲಾಗಿ ಉಳಿದವರು. ಪಾದ ಓರೆ ಮಾಡಿ, ಮಂಡಿ ಸಡಿಲ ಬಿಡಿ ಅಂತ ಹೇಳುತ್ತ ಇಳಿಸಿದೆ. ಯಾರಾದರೂ ಅವಸರ ಮಾಡಿದರೆ ಗದರಿದೆ. ಪದ್ಮನಾಭ ಪಾಠ ಒಪ್ಪಿಸುವವರ ಹಾಗೆ ಸರಿ, ಸರಿ ಅನ್ನುತ್ತ ನಾನಿಟ್ಟಲ್ಲೇ ಹೆಜ್ಜೆಯಿಟ್ಟರು. ಕಪ್ಪು ಬಂಡೆಗಳ ನಡುವೆ ದಾರಿ ತಿರುಗಿದಾಗ ಒಮ್ಮೆಲೇ ಭೋರೆಂಬ ಸದ್ದು ಕೇಳಿತು. ಇನ್ನೊಂದು ತಿರುವು ದಾಟಿದರೆ ನದಿ, ಹಸಿರು ನೀರು, ಮರಳಿನ ದಂಡೆ.

ದಂಡೆಯಂಚಿನಲ್ಲಿ ಮೊಣಕಾಲುದ್ದದ ನೀರಿರುವ ಜಾಗವನ್ನು ಗೈಡ್ ತೋರಿಸಿದಳು. ನಾನು ಶೂ ಕೂಡ ಬಿಚ್ಚದೆ ನಡೆದೆ. ನೀರು ಕಾಲಿಗೆ ಕಚ್ಚುವಷ್ಟು ತಣ್ಣಗಿತ್ತು. ಅಳು ಬಂತು, ಅತ್ತೆ. ನಗುವೂ ಬಂತು, ಅದನ್ನೂ ತಡೆಯಲಿಲ್ಲ. ತಿರುಗಿ ನೋಡಿದರೆ ಎಲ್ಲರೂ ದಡದ ಮೇಲೆ ಸಾಲಾಗಿ ನಿಂತು ನನ್ನ ಅಪ್ಪಣೆಗೆ ಕಾಯುತ್ತಿದ್ದರು. ಇವರ ಮುಂದೆ ಇಷ್ಟು ವರ್ಷ ಬಾಯಿ ಬಿಗಿಹಿಡಿದು ಬೆಂಗಳೂರಿನ ಕನ್ನಡ ಆಡಿದವಳು ನಾನು. ಅವತ್ತು ಕೊಳ್ಳ ತುಂಬ ಕೇಳುವ ಹಾಗೆ ನಮ್ಮ ಬಾಗಲಕೋಟೆಯ ಮಾತಿನಲ್ಲೇ ಕೂಗಿ ಕರೆದೆ.

"ಯಾಕ ನಿಂತೀರಿ? ಬರ್ರಿ, ಎಲ್ಲಾರೂ ಬರ್ರಿ. ನೀರು ತಣ್ಣಗ ಅದಾವು."

ಮೊದಲು ಇಳಿದವರು ಪದ್ಮನಾಭ.