ಎರಡು ಎಡತೋಳುಗಳ ಕೋಟು

1

ಈ ಕಥೆ ಎಲ್ಲಿಂದ ಶುರುವಾಗಬೇಕು ಅನ್ನುವುದು ನಿನ್ನೆ ಸ್ನಾನ ಮಾಡುವಾಗ ಹೊಳೆದಿತ್ತು. ಎಂಥ ವಾಕ್ಯ ಅಂತೀರಿ! ಟವೆಲಿಗೆ ಕೈ ಚಾಚುವಷ್ಟರಲ್ಲಿ ಮಾಯ. ಹಾಗಾಗಿ ಓದುಗರೇ, ನಿಮಗೀಗ ಸಿಗುತ್ತಿರುವುದು ಸೆಕೆಂಡ್ ಹ್ಯಾಂಡ್ ಆರಂಭ. ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.

ಬಟ್ಟೆ ಹೊಲಿಯುವ ಅಂಗಡಿ. ಒಂದು ಉದ್ದನೆಯ ಮೇಜು, ಎರಡು ಹೊಲಿಗೆ ಮೆಷಿನ್ನು. ಅವುಗಳಲ್ಲಿ ಒಂದು ಕೆಟ್ಟು ಎಷ್ಟೋ ಕಾಲವಾಗಿ, ಈಗ ಗುಂಡಿ ಡಬ್ಬಿಗಳನ್ನು ಹೊತ್ತು ಕೂತಿದೆ. ಮೇಜಿನ ಮುಂದೆ ಕತ್ತರಿಯಕ್ಕ ನಿಂತಿದ್ದಾಳೆ. ವಯಸ್ಸು ಅರವತ್ತೆಂಟು. ಅಳತೆ ತೆಗೆದು ಬಟ್ಟೆ ಕತ್ತರಿಸುವುದು ಅವಳ ಕೆಲಸ, ಮೆಷಿನ್ ಮುಂದೆ ಕೂತು ಹೊಲಿಯುವುದು ತಂಗಿಯದು. ನಲವತ್ತೊಂದು ವರ್ಷದಿಂದ ಇದೇ ಏರ್ಪಾಟು. ಬೀದಿಯವರೆಲ್ಲ ಅವಳನ್ನು ಕತ್ತರಿಯಕ್ಕ ಅಂತಲೇ ಕರೆಯುತ್ತಾರೆ, ಕತ್ತರಿ ಕೈಯಲ್ಲಿ ಹಿಡಿದೇ ಹುಟ್ಟಿದಳೇನೋ ಅನ್ನುವ ಹಾಗೆ.

ಈಗ ಅವಳು ಮೇಜಿನ ಮೇಲೆ ಬಿದ್ದಿರುವ ಎರಡು ತೋಳುಗಳನ್ನು ನೋಡುತ್ತಿದ್ದಾಳೆ. (ಗಾಬರಿಯಾಗಬೇಡಿ, ಬಟ್ಟೆಯ ತೋಳು. ಇದು ಆ ಥರದ ಕಥೆಯಲ್ಲ.) ಎರಡೂ ಎಡತೋಳುಗಳು.

2

ಕೋಟು ಲೈಬ್ರರಿಯಲ್ಲಿ ಕೆಲಸ ಮಾಡುವ ಹೆಂಗಸಿನದು. ಶುಕ್ರವಾರ ಆಕೆಯ ನಿವೃತ್ತಿ. ಬಟ್ಟೆ ಆಕೆಯ ತಾಯಿ ಸಾಯುವ ಮುಂಚೆ ಪೆಟ್ಟಿಗೆಯಲ್ಲಿ ಎತ್ತಿಟ್ಟದ್ದು, ಹಸಿರು ಉಣ್ಣೆ. ಅಂಥದ್ದು ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

"ಅಮ್ಮ ನನಗೆ ಅಂತಲೇ ಇಟ್ಟಿದ್ದು. ಹೊಲಿಸೋಕೆ ಮನಸ್ಸು ಬರೋದ್ರಲ್ಲಿ ಮೂವತ್ತು ವರ್ಷ ಆಗೋಯ್ತು," ಎಂದು ಕೊಟ್ಟು ಹೋಗಿದ್ದರು. "ನಿಮ್ಮ ಕೈಯಲ್ಲೇ ಆಗ್ಬೇಕು ಕತ್ತರಿಯಕ್ಕ."

ಬಟ್ಟೆ ಧಾರಾಳವಾಗಿದ್ದರೆ ಎರಡು ಪದರ ಮಡಿಸಿ ಒಂದೇ ಸಲ ಕತ್ತರಿಸುತ್ತಾರೆ, ಎಡ ಬಲ ಎರಡೂ ತಾವಾಗಿಯೇ ಸಿಗುತ್ತವೆ. ಇದು ಗಿಡ್ಡ ತುಂಡು. ಒಂಟಿ ಪದರ ಹರಡಿ, ಕಾಗದದ ಪ್ಯಾಟರ್ನ್ ಇಟ್ಟು ಒಂದು ತೋಳು ಕತ್ತರಿಸಬೇಕು. ಆಮೇಲೆ ಪ್ಯಾಟರ್ನನ್ನು ಮಗುಚಿ ಹಾಕಿ ಇನ್ನೊಂದು. ಕತ್ತರಿಯಕ್ಕ ಮಗುಚಿದ್ದಳು. ಮಗುಚಿದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಕಾಗದ ಸರಬರ ಅಂದದ್ದು ಇನ್ನೂ ಕಿವಿಯಲ್ಲಿದೆ. ಆದರೆ ತೋಳುಗಳು ಬೇರೆಯೇ ಹೇಳುತ್ತಿವೆ. ಈ ಉಣ್ಣೆಯ ಒಳಮೈ ಒರಟು, ಹೊರಮೈ ನುಣುಪು. ಒಂದನ್ನು ತಿರುಗಿಸಿ ಹೊಲಿದು ಪಾರಾಗುವಂತಿಲ್ಲ. ಉಳಿದದ್ದು ಅಂಗೈಯಗಲದ ಚೂರು.

4

ಮೊದಲ ಡ್ರಾಫ್ಟಿನಲ್ಲಿ ಈ ಜಾಗದಲ್ಲಿ ಕತ್ತರಿಯಕ್ಕ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು. ಒಂದೂವರೆ ಪುಟ! ಬರೆಯುವಾಗ ನನ್ನ ಕಣ್ಣೂ ಒದ್ದೆಯಾಯಿತು. ಅಳುತ್ತಿದ್ದವಳು ತಟ್ಟನೆ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಏನಪ್ಪಾ ಇದು? ನಾನು ಯಾವತ್ತು ಗೋಡೆಗೊರಗಿ ಅತ್ತಿದ್ದೀನಿ?"

"ಓದೋರಿಗೆ ನಿಮ್ಮ ಕಷ್ಟ ಗೊತ್ತಾಗ್ಬೇಕಲ್ಲಾ ಅಕ್ಕಾ."

"ಆ ಗೋಡೆ ತುಂಬಾ ರೆಡಿಯಾದ ಬಟ್ಟೆ ನೇತು ಹಾಕಿದೀವಿ. ಒರಗೋಕೆ ಜಾಗ ಎಲ್ಲಿದೆ? ಅದೂ ಅಲ್ದೆ, ಉಣ್ಣೆ ನೀಲಿ. ನೀನು ಹಸಿರು ಅಂತ ಬರ್ದಿದೀಯ."

ನನ್ನ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ನೀಲಿ ಅಂತಲೇ ಇದೆ. (ನನಗೂ ಅರವತ್ತೆರಡಾಯಿತು. ಇದನ್ನು ಹೇಳುವ ಉದ್ದೇಶ ಇರಲಿಲ್ಲ.)

"ಯಾರ ನೆನಪಪ್ಪಾ ಕೈಕೊಡ್ತಿರೋದು, ನಂದೋ ನಿಂದೋ?"

ಅಳುವನ್ನು ಹೊಡೆದು ಹಾಕಿದೆ. ಉಣ್ಣೆಯನ್ನು ನೀವು ದಯವಿಟ್ಟು ನೀಲಿ ಎಂದು ಓದಿಕೊಳ್ಳಿ.

5

ಕತ್ತರಿಯಕ್ಕನ ಈ ಮರೆವು ಇವತ್ತು ನಿನ್ನೆಯ ಮಾತಲ್ಲ. ಕೊರಳಲ್ಲೇ ಟೇಪು ನೇತಾಡುತ್ತಿದ್ದರೂ ಇಡೀ ಅಂಗಡಿ ತಡಕಾಡುವುದು, ಇಸ್ತ್ರಿಪೆಟ್ಟಿಗೆ ಆರಿಸಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ವಾಪಸ್ಸು ಓಡುವುದು, ಇವೆಲ್ಲ ಎಲ್ಲರಿಗೂ ಆಗುತ್ತವೆ ಅಂತ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಒಂದು ಕಾಲದಲ್ಲಿ ಬೀದಿಯವರ ಅಳತೆಯೆಲ್ಲ ಅವಳ ತಲೆಯಲ್ಲೇ ಇರುತ್ತಿತ್ತು. ಈಗ ಗಿರಾಕಿ ಎದುರಿಗೆ ನಿಂತರೆ ತಲೆಯೊಳಗೆ ಬರೀ ಬಿಳಿ. ಅದಕ್ಕೊಂದು ಉಪಾಯ ಕಂಡುಕೊಂಡಿದ್ದಾಳೆ. "ಸ್ವಲ್ಪ ಮೈ ಬಂದ ಹಾಗಿದೆಯಲ್ಲಾ, ಯಾವುದಕ್ಕೂ ಹೊಸದಾಗಿ ಅಳತೆ ತಗೊಂಡುಬಿಡ್ತೀನಿ," ಅನ್ನುತ್ತಾಳೆ. ಗಿರಾಕಿ ಮುಖ ಊದಿಸಿಕೊಳ್ಳುತ್ತಾನೆ, ಅವಳ ಮರೆವಿನ ಮೇಲೆ ಮಾತ್ರ ಅನುಮಾನ ಬರುವುದಿಲ್ಲ. ಚೀಟಿಗಳನ್ನು ಬರೆದು ಲಂಗದ ಒಳಮೈಗೆ ಪಿನ್ ಹಾಕಿಕೊಳ್ಳುತ್ತಾಳೆ. ಕೂತರೆ ಚುಚ್ಚುತ್ತದೆ. ಚುಚ್ಚಿದಾಗ, ಏನೋ ಮರೆತಿದ್ದೇನೆ ಅನ್ನುವುದಾದರೂ ನೆನಪಾಗುತ್ತದೆ.

ತಂಗಿಗೆ ಮಾತ್ರ ಗೊತ್ತಾಗಬಾರದು. ಯಾಕೆಂದರೆ ಈ ಕತ್ತರಿ ಅವರ ಅಮ್ಮನದು. ಅಮ್ಮ ಹೀಗೆಯೇ ಮರೆಯತೊಡಗಿದಾಗ, ಒಂದು ಮಧ್ಯಾಹ್ನ ಅಕ್ಕತಂಗಿ ಸೇರಿ ಅದನ್ನು ಅವಳ ಕೈಯಿಂದ ಬಿಡಿಸಿ ತೆಗೆದುಕೊಂಡಿದ್ದರು. ಬಿಡಿಸಿದ್ದು ಕತ್ತರಿಯಕ್ಕನೇ. ಆಮೇಲೆ ಅಮ್ಮ ಬದುಕಿದ್ದಷ್ಟು ದಿನವೂ ಕುರ್ಚಿಯಲ್ಲಿ ಕೂತು ಎರಡು ಬೆರಳಿನಲ್ಲಿ ಗಾಳಿ ಕತ್ತರಿಸುತ್ತಿದ್ದಳು. ಬೇರೆ ಏನು ಮರೆತರೂ ಕತ್ತರಿಯಕ್ಕ ಆ ಬೆರಳುಗಳನ್ನು ಮರೆತಿಲ್ಲ. ತನ್ನ ಕೈಗೂ ಆ ಗತಿ ಬಂದೀತೆಂದು ಅವಳಿಗೆ ತುಂಬಾ ಭಯ.

6

ಸರಿ, ಮುಗಿಸಲು ಒಂದೆರಡು ದಾರಿ ನೋಡೋಣ.

(ಅ) ಕತ್ತರಿಯಕ್ಕ ಅದನ್ನು ತೋಳಿಲ್ಲದ ಕೋಟು ಮಾಡುತ್ತಾಳೆ. ಲೈಬ್ರರಿಯಾಕೆ ಹಿರಿಹಿರಿ ಹಿಗ್ಗಿ ಅಪ್ಪಿಕೊಳ್ಳುತ್ತಾರೆ. ಹೊಸ ಫ್ಯಾಶನ್! ಶುಭಂ.

"ಹೊರಗಡೆ ಕೊರೆಯೋ ಚಳಿ ಕಣಪ್ಪಾ," ಅಂದಳು ಕತ್ತರಿಯಕ್ಕ. "ನಿನ್ನ ಕಥೆ ಚೆಂದ ಆಗ್ಲಿ ಅಂತ ಅವ್ರು ನಡುಗ್ಬೇಕಾ?"

(ಆ) ಕತ್ತರಿಯಕ್ಕ ತಪ್ಪನ್ನು ತಂಗಿಯ ತಲೆಗೆ ಕಟ್ಟುತ್ತಾಳೆ. "ಪ್ಯಾಟರ್ನ್ ತೆಗೆದು ಕೊಟ್ಟಿದ್ದು ನೀನು ತಾನೇ?" ತಂಗಿ ನಂಬುತ್ತಾಳೆ. ಅಕ್ಕ ಹೇಳಿದ್ದನ್ನು ಅವಳು ಯಾವತ್ತೂ ನಂಬುತ್ತಾ ಬಂದವಳು.

ಈ ಸಲ ಕತ್ತರಿಯಕ್ಕ ಜಗಳಕ್ಕೆ ಬರಲಿಲ್ಲ. ಕೊರಳಿನ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ನಿಧಾನವಾಗಿ, "ಅದನ್ನ ನಾನು ಯೋಚನೆ ಮಾಡಿದ್ದೆ. ನಿಂಗೆ ಹೇಗೆ ಗೊತ್ತಾಯ್ತು?" ಅಂದಳು. "ಹೊಡೆದು ಹಾಕಿಬಿಡು."

ಹೊಡೆದು ಹಾಕಿದೆ. ನಿಮಗೆ ಇನ್ನೂ ಕಾಣುತ್ತಿದ್ದರೆ ಅದು ನನ್ನ ತಪ್ಪಲ್ಲ.

7

ಗುಂಡಿ ತರಲು ಹೋಗಿದ್ದ ತಂಗಿ ಒಳಗೆ ಬಂದಳು. ಮೇಜಿನ ಮೇಲಿದ್ದುದನ್ನು ನೋಡಿದಳು. ಗುಂಡಿಯ ಪೊಟ್ಟಣವನ್ನು ಕೆಳಗಿಡದೆ ಹಾಗೇ ಹಿಡಿದು ನಿಂತಳು.

ಕತ್ತರಿಯಕ್ಕ ತೋಳುಗಳನ್ನು ಒಂದರ ಮೇಲೊಂದು ಇಟ್ಟಳು. "ಕೆಂಪು ಗಂಟು ಹಾಕೋದು ಮರ್ತೆ ಕಣೇ," ಅಂದಳು.

ಅಯ್ಯೋ, ಓದುಗರೇ, ಕೆಂಪು ಗಂಟು! ಮೂರನೇ ಭಾಗ ಎಲ್ಲಿ ಹೋಯಿತು ಅಂತ ನೀವಾದರೂ ಕೇಳಬಾರದಿತ್ತೇ? ಅದನ್ನು ಬರೆಯುವುದನ್ನೇ ಮರೆತಿದ್ದೇನೆ. ಅದರಲ್ಲಿ ಹೇಳಬೇಕಿದ್ದದ್ದು ಇಷ್ಟು: ಒಂಟಿ ಪದರ ಕತ್ತರಿಸುವ ದಿನ ಪ್ಯಾಟರ್ನಿನ ಒಂದು ಮೈಗೆ ಕೆಂಪು ದಾರದ ಗಂಟೊಂದು ಇರುತ್ತಿತ್ತು. ಗಂಟು ಮೇಲೆ ಕಂಡರೆ ಎಡ, ಅಡಿಗೆ ಹೋದರೆ ಬಲ. ನಾಲ್ಕು ವರ್ಷದಿಂದ ಒಂದು ತೋಳೂ ತಪ್ಪಿರಲಿಲ್ಲ. ಮರೆವಿಗೆ ಮದ್ದು ಕಂಡುಹಿಡಿದೆ ಅಂತ ಕತ್ತರಿಯಕ್ಕ ಒಳಗೊಳಗೇ ಬೀಗುತ್ತಿದ್ದಳು.

"ನೀನು ಯಾವತ್ತು ಹಾಕಿದ್ದೆ ಅಕ್ಕಾ?" ಅಂದಳು ತಂಗಿ. "ನಾನು ಹಾಕ್ತಿದ್ದಿದ್ದು. ಬೆಳಿಗ್ಗೆ ನೀನು ಬರೋಕೆ ಮುಂಚೆ."

"ನೀನಾ?"

"ನಾಲ್ಕು ವರ್ಷದ ಹಿಂದೆ ಒಂದು ಶರ್ಟಿಗೆ ಹೀಗೇ ಆಗಿತ್ತು. ಬಟ್ಟೆ ಮಿಕ್ಕಿತ್ತು, ನಿಂಗೆ ಹೇಳ್ದೆ ಸರಿ ಮಾಡ್ದೆ. ಅವತ್ತಿಂದ ಹಾಕ್ತಿದ್ದೆ."

"ಹಾಗಾದ್ರೆ ನಿಂಗೆ ಎಲ್ಲಾ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ ಕತ್ತರಿ ಯಾಕೆ ಕಿತ್ಕೊಳ್ಳಿಲ್ಲ?"

"ಅಮ್ಮನ ಬೆರಳು ನೀನೊಬ್ಬಳೇ ನೋಡಿದ್ದಾ?"

ಕತ್ತರಿಯಕ್ಕ ಇಷ್ಟು ವರ್ಷ ತಂಗಿಯಿಂದ ಬಚ್ಚಿಟ್ಟದ್ದನ್ನೆಲ್ಲ ತಂಗಿಯೇ ಕಾದುಕೊಂಡು ಬಂದಿದ್ದಳು. ನಾಚಿಕೆ, ಸಮಾಧಾನ, ಇನ್ನೇನೇನೋ ಒಟ್ಟಿಗೆ ಆಯಿತು. ಪ್ಯಾಟರ್ನನ್ನು ಕೈಗೆತ್ತಿಕೊಂಡಳು.

"ಹಾಗಾದ್ರೆ ಇವತ್ತು ಯಾಕೆ ಹಾಕ್ಲಿಲ್ಲ?"

"ಹಾಕಿದೀನಿ ಅಕ್ಕಾ. ಬೆಳಿಗ್ಗೆ ಬಂದ ತಕ್ಷಣ ಹಾಕ್ದೆ. ದಾರ ಹಲ್ಲಲ್ಲಿ ಕಡಿದಿದ್ದು ಕೂಡ ನೆನಪಿದೆ."

ಕತ್ತರಿಯಕ್ಕ ಪ್ಯಾಟರ್ನನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಈ ಕಡೆ ನೋಡಿದಳು, ಮಗುಚಿ ಆ ಕಡೆ ನೋಡಿದಳು. ಗಂಟು ಇರಲಿಲ್ಲ. ಸೂಜಿಯ ತೂತು ಕೂಡ ಇರಲಿಲ್ಲ.

ತಂಗಿಗೆ ಅರವತ್ತೈದು. (ಇದನ್ನೂ ಮೂರನೇ ಭಾಗದಲ್ಲೇ ಹೇಳಬೇಕಿತ್ತು.)

8

ಇಲ್ಲಿಂದ ಮುಂದೆ ಏನಾಗುತ್ತದೆ ಅಂತ ಟಿಪ್ಪಣಿ ಪುಸ್ತಕದಲ್ಲಿ ಖಂಡಿತ ಬರೆದುಕೊಂಡಿದ್ದೆ. ಹುಡುಕುತ್ತಿದ್ದೇನೆ. "ನೀಲಿ" ಅನ್ನುವ ಪದ ಸಿಕ್ಕಿತು. ಅದು ನನ್ನ ಕೈಬರಹವಲ್ಲ. ನೀಲಿ ಮಾತ್ರವಲ್ಲ, ಆ ಪುಟದ ಅರ್ಧಕ್ಕರ್ಧ ನನ್ನ ಹೆಂಡತಿಯ ದುಂಡಕ್ಷರ. ಯಾವಾಗ ಬರೆದಳೋ, ಎಷ್ಟು ದಿನದಿಂದ ಬರೆಯುತ್ತಿದ್ದಾಳೋ! ಪಕ್ಕದ ಕೋಣೆಯಲ್ಲೇ ಇದ್ದಾಳೆ, ತನ್ನ ಕನ್ನಡಕ ಎಲ್ಲಿ ಅಂತ ಮೂರನೇ ಸಲ ಕೇಳುತ್ತಿದ್ದಾಳೆ. ಎದ್ದು ಹೋಗಿ ಕೇಳುವ ಧೈರ್ಯ ನನಗಿಲ್ಲ.

ಅಲ್ಲಿ, ಅಂಗಡಿಯಲ್ಲಿ, ಕತ್ತರಿಯಕ್ಕ ಕತ್ತರಿಯನ್ನು ತಂಗಿಯ ಕಡೆ ಚಾಚಿದ್ದಾಳೆ. ತಂಗಿ ತೆಗೆದುಕೊಳ್ಳುತ್ತಿಲ್ಲ. ಕಡೆಗೆ ಅಕ್ಕ ಅದನ್ನು ಮೇಜಿನ ಮೇಲೆ, ಇಬ್ಬರಿಗೂ ಎಟುಕುವ ಹಾಗೆ ಇಟ್ಟಳು.

"ಅವ್ರು ಟ್ರಯಲ್‌ಗೆ ಬರೋದು ಯಾವತ್ತು?" ಕತ್ತರಿಯಕ್ಕ ಕೇಳಿದಳು.

"ನಾಳೆ ಅಲ್ವಾ?" ಅಂದಳು ತಂಗಿ.

ಬಾಗಿಲು ತಳ್ಳಿಕೊಂಡು ಲೈಬ್ರರಿಯಾಕೆ ಒಳಗೆ ಬಂದರು. ಚಳಿಗೆ ಮೂಗು ಕೆಂಪಾಗಿತ್ತು, ಮುಖದ ತುಂಬ ನಗು. ಹಾಕಿದ್ದ ಸ್ವೆಟರ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು. "ಎಲ್ಲಿ, ನೋಡೋಣ," ಎಂದು ಎರಡೂ ಕೈಗಳನ್ನು ಚಾಚಿ ನಿಂತರು.

ಅಕ್ಕ ತಂಗಿಯ ಮುಖ ನೋಡಿದಳು, ತಂಗಿ ಅಕ್ಕನದು. ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು.

ನಾನು ಪುಟ ತಿರುವುತ್ತಲೇ ಇದ್ದೇನೆ. ಓದುಗರೇ, ನಿಮಗೆ ನೆನಪಿರುವಷ್ಟು ಹೊತ್ತು ಆಕೆಯನ್ನು ಹಾಗೇ ನಿಲ್ಲಿಸಿಕೊಂಡಿರಿ. ಕೈ ಇಳಿಸಲು ಹೇಳಬೇಡಿ.